ಅಟ್ಟದ ಮೇಲಿನ ವಿಷಕ್ಕೆ ಬೆಟ್ಟದಲ್ಲಿ ಗುಂಡಿ ಬೇಡ

ಪ್ರಶ್ನೆ: ನಮ್ಮದು ಶಿರಸಿ, ಸಿದ್ದಾಪುರ ನಡುವಿನ ಹಳ್ಳಿ. ವೈಶಾಖದಲ್ಲಿ ಮಗನ ಉಪನಯನ. ಅದಕ್ಕೆಂದು ಹಳೇ ಮನೆ ಚೊಕ್ಕ ಮಾಡಿಸುತ್ತಿದ್ದೇವೆ. ತೀರಿಹೋದ ಮಾವನವರು ಯಾವುದನ್ನೂ ಎಸೆದವರಲ್ಲ. ಅಟ್ಟ ಇಳಿಸಿದಾಗ ತೋಟಕ್ಕೆ ಹೊಡೆಯುವ ಕೀಟನಾಶಕದ, ಚೀಟಿ ಕಿತ್ತುಹೋದ ಡಬ್ಬ ಏಳೆಂಟು ಸಿಕ್ಕವು. ಅದೇನೋ ಬಿಳಿ ಪುಡಿ ಒಂದು ಚೀಲ, ಗಟ್ಟಿಯಾದ ಮೈಲುತುತ್ತ (ತಾಮ್ರದ ಸಲ್ಫೇಟ್) ಅರ್ಧ ಮೂಟೆ, ಹತ್ತಾರು ಸುಟ್ಟ ಟ್ಯೂಬ್‌ಲೈಟು, ಪಾದರಸದ ಬಿ.ಪಿ. ಯಂತ್ರ, ಅತ್ತೆಯ ಇನ್ಸುಲಿನ್ ಸೂಜಿಗಳು, ಅವಧಿ ಮುಗಿದ ಮಾತ್ರೆ, ಇನ್ವರ್ಟರ್ ಬ್ಯಾಟರಿ ಎರಡು, ಬಣ್ಣದ ಡಬ್ಬ. ಕಸದ ಗಾಡಿಯವರು ಇವನ್ನು ಮುಟ್ಟುವುದಿಲ್ಲ. ಜೆಸಿಬಿ ಕರೆಸಿ ಬೆಟ್ಟದಲ್ಲಿ ಹೂಳಿಬಿಡೋಣ ಎನ್ನುತ್ತಾರೆ ನಮ್ಮವರು. ಸುಡೋದು ಸುಟ್ಟು ಉಳಿದದ್ದು ಹೂಳೋಣ ಎನ್ನುತ್ತಾನೆ ಭಾವ. ಯಾವುದು ಸರಿ? ಮೈಲುತುತ್ತವೂ ವಿಷವೇ, ಅದನ್ನೂ ಎಸೆಯಬೇಕೇ?

ಉತ್ತರ:

ಎರಡೂ ಬೇಡ. ಜೆಸಿಬಿಯವನಿಗೆ ಹೇಳಿಟ್ಟಿದ್ದರೆ ಮೊದಲು ಫೋನ್ ಮಾಡಿ ಬೇಡ ಅನ್ನಿ. ಉಳಿದದ್ದನ್ನು ನಿಧಾನಕ್ಕೆ ನೋಡೋಣ.

ನಿಮ್ಮ ಮನೆ ನಾನು ನೋಡಿಲ್ಲ. ಆದರೂ ಹೇಗಿದೆ ಅಂತ ಹೇಳಬಲ್ಲೆ. ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ, ಕೆಳಗೆ ಅಡಿಕೆ ತೋಟ, ತೋಟದಂಚಿಗೆ ಹಳ್ಳ. ಹೌದಲ್ವಾ? ಅಬ್ಬಿ ನೀರಿನ ಮನೆಯಾದರೆ ಪೈಪು ಬೆಟ್ಟದಿಂದಲೇ ಇಳಿದಿರುತ್ತದೆ. ಬಾವಿಯಾದರೆ ಅದರ ಒರತೆಗೂ ಬೆಟ್ಟದಲ್ಲಿ ಇಂಗಿದ ಮಳೆಯೇ ಮೂಲ. ಅಂದರೆ ನೀವು ಕುಡಿಯುವ ನೀರು ಹುಟ್ಟುವ ಜಾಗದಲ್ಲೇ ವಿಷ ಹೂಳುವ ಮಾತು ನಡೆದಿದೆ.

ನಮ್ಮದು ಚಿರೆಕಲ್ಲಿನ ನೆಲ. ಅದರ ಮೈತುಂಬ ತೂತು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ. ಅದರಲ್ಲಿ ಮುಕ್ಕಾಲಕ್ಕೂ ಜಾಸ್ತಿ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಮಣ್ಣೂ ಹುಳಿ. ಇಂಥ ನೆಲದೊಳಗೆ ತಗಡಿನ ಡಬ್ಬ ಎಷ್ಟು ವರ್ಷ ತಾಳೀತು? ಅದು ತೂತಾದ ಮೇಲೆ ಒಳಗಿನದ್ದು ನೀರಿನ ಜೊತೆ ಕೆಳಗಿಳಿಯುತ್ತದೆ. ಬೆಟ್ಟದ ಸೊಪ್ಪು ಹೇಗೂ ಕೊಟ್ಟಿಗೆಗೆ ಬರುತ್ತದೆ, ಕೊಟ್ಟಿಗೆಯಿಂದ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ನಿಮ್ಮ ಕಡೆಯ ಹೆಚ್ಚಿನ ಹಳ್ಳಗಳು ಅಘನಾಶಿನಿ ಸೇರುತ್ತವೆ. ಆ ಹೊಳೆಗೆ ಅಡ್ಡ ಒಂದು ಅಣೆಕಟ್ಟೂ ಇಲ್ಲ, ಸೀದಾ ಕುಮಟಾದ ಅಳಿವೆಗೆ ಹೋಗುತ್ತದೆ. 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತಲ್ಲ, ಅದೇ ಅಳಿವೆ. ಅಲ್ಲಿ ಜನ ತಿನ್ನುವ ಬಳಚು ಎಂಬ ಚಿಪ್ಪುಜೀವಿ ನೀರನ್ನು ಸೋಸಿ ಬದುಕುತ್ತದೆ. ನೀರಿನಲ್ಲಿ ಬಂದ ಲೋಹವನ್ನೆಲ್ಲ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಘಟ್ಟದ ಮೇಲೆ ಹೂತದ್ದು ಘಟ್ಟದ ಕೆಳಗಿನವರ ಊಟದ ಬಟ್ಟಲಿಗೆ ಹೋಗುವ ದಾರಿ ಇದು.

ಇನ್ನು ಭಾವನ ಉಪಾಯ. ನಮ್ಮ ಮನೆಗಳ ಬಚ್ಚಲೊಲೆ ಒಂದು ವಿಚಿತ್ರ ವಸ್ತು. ಹಂಡೆಯ ಕೆಳಗೆ ಏನನ್ನು ತುರುಕಿದರೂ ನುಂಗುತ್ತದೆ ಅಂತ ನಮಗೊಂದು ನಂಬಿಕೆ. ಅಡಿಕೆ ಸಿಪ್ಪೆ, ಸೋಗೆ, ಹಾಳೆ ಹಾಕುವ ಒಲೆಗೆ ಈಗ ಹಾಲಿನ ಪ್ಯಾಕೆಟ್ಟು, ಮಾತ್ರೆಯ ಸ್ಟ್ರಿಪ್ಪು, ಪೈಪಿನ ತುಂಡು ಎಲ್ಲ ಹೋಗುತ್ತದೆ. ಒಲೆಯ ಉರಿ ಇಂಥದ್ದನ್ನು ಪೂರ್ತಿ ಸುಡುವಷ್ಟು ಬಿಸಿ ಇರುವುದಿಲ್ಲ. ಕ್ಲೋರಿನ್ ಇರುವ ಪ್ಲಾಸ್ಟಿಕ್ ಅಥವಾ ಕೀಟನಾಶಕ ಅರೆಬರೆ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಜೊತೆಗೆ ತಾಮ್ರ ಇದ್ದರೆ ಇನ್ನೂ ಜಾಸ್ತಿ ಹುಟ್ಟುತ್ತದೆ, ತಾಮ್ರ ಆ ಕ್ರಿಯೆಗೆ ಕುಮ್ಮಕ್ಕು ಕೊಡುತ್ತದೆ. ಮೈಲುತುತ್ತ ತಾಗಿದ ಚೀಲ, ಕೀಟನಾಶಕದ ಡಬ್ಬ ಎರಡನ್ನೂ ಒಟ್ಟಿಗೆ ಸುಟ್ಟರೆ ಏನಾದೀತು ಅಂತ ಈಗ ಊಹಿಸಬಹುದು. ಹೊಗೆ ಮನೆಯೊಳಗೇ ತಿರುಗುತ್ತದೆ. ಬೂದಿಯನ್ನೋ ನಾವು ಬಸಳೆ ಬುಡಕ್ಕೆ ಹಾಕುತ್ತೇವೆ.

ನಿಮ್ಮ ಪತ್ರದಲ್ಲಿ ನನಗೆ ಡಬ್ಬಗಳಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಉಪನಯನದ ತಾರೀಖು. ಇಪ್ಪತ್ತು ವರ್ಷ ಅಟ್ಟದ ಮೇಲೆ ಸುಮ್ನೆ ಕೂತಿದ್ದ ವಸ್ತು ಇನ್ನೂ ಆರು ತಿಂಗಳು ಕೂತರೆ ಪ್ರಳಯ ಆಗುವುದಿಲ್ಲ, ಒಂದನ್ನು ಬಿಟ್ಟು. ಅದನ್ನು ಮುಂದೆ ಹೇಳುತ್ತೇನೆ. ಆಗಬಾರದ್ದು ಆಗುವುದು ಅವಸರದಲ್ಲಿ ಸುರಿದಾಗ, ಒಡೆದಾಗ, ಒಂದರ ಜೊತೆ ಒಂದು ಬೆರೆಸಿದಾಗ. ಆದ್ದರಿಂದ ಸದ್ಯದ ಕೆಲಸ ಬಿಸಾಡುವುದು ಅಲ್ಲವೇ ಅಲ್ಲ, ಸರಿಯಾಗಿ ಇಡುವುದು. ಮನೆಯಿಂದ ದೂರದ, ಮಳೆ ಬಡಿಯದ, ಗಾಳಿಯಾಡುವ ಒಂದು ಕೋಣೆ ಅಥವಾ ಪಡಿಮಾಡು ಹುಡುಕಿ ಬೀಗ ಹಾಕಿ. ಉಪನಯನಕ್ಕೆ ಬಂದ ಮಕ್ಕಳು ಮನೆಯ ಮೂಲೆಮೂಲೆ ಶೋಧಿಸುತ್ತಾರೆ, ಗೊತ್ತಲ್ಲ.

ಈಗ ಒಂದೊಂದಾಗಿ.

ಚೀಟಿ ಇಲ್ಲದ ಡಬ್ಬಗಳೇ ಇವುಗಳಲ್ಲಿ ಕಷ್ಟದ್ದು. ಚೀಟಿಯ ಚೂರಾದರೂ ಉಳಿದಿದ್ದರೆ ಅದರ ಮೇಲೆ ಓರೆಯಾಗಿ ನಿಂತ ಚೌಕ ಇರುತ್ತದೆ. ಅದರ ಕೆಳಗಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದಕೂಡಲೇ ಕುಡಿಯಬಹುದು ಅಂತಲ್ಲ, ವಿಷದ ಜೋರು ಕಡಿಮೆ ಅಷ್ಟೆ. ಮೂಸಿ ನೋಡಿ ಗುರುತಿಸುವ ಪ್ರಯತ್ನ ಬೇಡ. ಹಳಬರು ಅದನ್ನೇ ಮಾಡುತ್ತಾರೆ, ನಾನೂ ಮಾಡಿದ್ದೇನೆ, ತಪ್ಪು.

ಬಿಳಿ ಪುಡಿ ಬಿ.ಎಚ್.ಸಿ. ಇರಬಹುದು. ಒಂದು ಕಾಲದಲ್ಲಿ ಗೆದ್ದಲಿಗೂ ಇರುವೆಗೂ ಅದನ್ನು ಮನೆಮನೆಯಲ್ಲಿ ಉದುರಿಸುತ್ತಿದ್ದರು. 1997ರ ಏಪ್ರಿಲ್‌ನಿಂದ ಅದಕ್ಕೆ ದೇಶದಲ್ಲಿ ನಿಷೇಧ ಇದೆ. ಡಬ್ಬಗಳಲ್ಲಿ ಎಂಡೋಸಲ್ಫಾನ್ ಇದ್ದರೂ ಆಶ್ಚರ್ಯ ಇಲ್ಲ. ಅದನ್ನು ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ನಿಲ್ಲಿಸಿತು. ಎಂಡೋಸಲ್ಫಾನ್ ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದರಿಂದ ನೊಂದ ಮನೆಗಳು ಇಲ್ಲೇ ಇವೆ. ಇವೆರಡೂ ಮಣ್ಣಿನಲ್ಲಿ ಬೇಗ ಕರಗಿಹೋಗುವ ಜಾತಿಯವಲ್ಲ. ಹೂತರೆ ವರ್ಷಗಟ್ಟಲೆ ಉಳಿಯುತ್ತವೆ.

ಎತ್ತಿಡುವಾಗ ದಪ್ಪ ರಬ್ಬರ್ ಕೈಗವಸು, ಉದ್ದ ತೋಳಿನ ಅಂಗಿ, ಮಾಸ್ಕ್ ಹಾಕಿಕೊಳ್ಳಿ. ಬಟ್ಟೆಯ ಕೈಗವಸು ವಿಷವನ್ನು ಹೀರಿ ಚರ್ಮಕ್ಕೆ ಅಂಟಿಸಿ ಹಿಡಿಯುತ್ತದೆ, ಅದು ಬೇಡ. ಡಬ್ಬವನ್ನು ತೆರೆಯಬೇಡಿ. ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಣ ಮರಳು ಹಾಸಿ, ಡಬ್ಬವನ್ನು ಹಾಗೇ ನಿಲ್ಲಿಸಿ, ಸುತ್ತ ಮರಳು ತುಂಬಿ. ಸೋರಿದರೆ ಮರಳು ಹಿಡಿದುಕೊಳ್ಳುತ್ತದೆ. ಎರಡು ಡಬ್ಬದಲ್ಲಿ ಅರ್ಧರ್ಧ ಇದೆ ಅಂತ ಒಂದಕ್ಕೇ ಸುರಿಯಬೇಡಿ. ಬಕೆಟ್ಟಿನ ಮೇಲೆ ‘ವಿಷ’ ಅಂತ ದೊಡ್ಡದಾಗಿ ಬರೆಯಿರಿ. ಓದು ಬಾರದವರಿಗೆ ತಲೆಬುರುಡೆಯ ಚಿತ್ರ. ಚೀಲ ಹರಿದಿದ್ದರೆ ಪುಡಿಯನ್ನು ಗುಡಿಸಬೇಡಿ, ದೂಳೆದ್ದು ಮೂಗಿಗೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಅದೇ ಬಕೆಟ್ಟಿಗೆ ಹಾಕಿ.

ಖಾಲಿ ಡಬ್ಬವನ್ನು ತೊಳೆದು ಬಳಸುವ ಚಾಳಿ ಇದ್ದರೆ ಇಂದಿಗೇ ಬಿಡಿ. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಗೆ ಮೋನೋಕ್ರೋಟೋಫಾಸ್ ಸೇರಿತ್ತು. ಎಣ್ಣೆ ಇಟ್ಟಿದ್ದು ಆ ಕೀಟನಾಶಕದ ಹಳೇ ಡಬ್ಬದಲ್ಲಿ ಅಂತ ತನಿಖೆಯಲ್ಲಿ ಹೊರಬಿತ್ತು. ಅದರ ಉಲ್ಟಾ ತಪ್ಪು ನಮ್ಮ ಕಡೆ ಇನ್ನೂ ಜಾಸ್ತಿ. ಉಳಿದ ಕಳೆನಾಶಕವನ್ನು ತಂಪು ಪಾನೀಯದ ಬಾಟಲಿಗೆ ತುಂಬಿ ಕೊಟ್ಟಿಗೆಯ ಗೂಡಿನಲ್ಲಿಡುವುದು. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಇಂದಿಗೂ ಪ್ರತಿವಿಷ ಇಲ್ಲ. ಒಂದು ಗುಟುಕು ಸಾಕು. ದೊಡ್ಡ ಆಸ್ಪತ್ರೆ ಬೇಕೆಂದರೆ ನಾವು ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡುವ ಜಿಲ್ಲೆಯವರು. ಆ ಲೆಕ್ಕವನ್ನೂ ಇಟ್ಟುಕೊಂಡೇ ಜಾಗ್ರತೆ ಮಾಡಬೇಕು.

ಇನ್ನು ಮುಂದೆ ಡಬ್ಬ ಖಾಲಿಯಾದ ದಿನವೇ ಕಾಲು ಭಾಗ ನೀರು ಹಾಕಿ, ಮುಚ್ಚಿ, ಅರ್ಧ ನಿಮಿಷ ಕುಲುಕಿ, ಆ ನೀರನ್ನು ಪಂಪಿನ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ಆಮೇಲೆ ತಳಕ್ಕೆ ತೂತು ಹೊಡೆದಿಡಿ. ಹಳ್ಳದಲ್ಲಿ ಮಾತ್ರ ತೊಳೆಯಬೇಡಿ. ನಾನು ಹೈಸ್ಕೂಲಿನಲ್ಲಿದ್ದಾಗ ಔಷಧಿ ಹೊಡೆದ ಪಂಪನ್ನು ತೋಟದ ಹಳ್ಳದಲ್ಲಿ ತೊಳೆದಿದ್ದೆ. ಮರುದಿನ ಬೆಳಿಗ್ಗೆ ಗುಂಡಿಯಲ್ಲಿ ಸಣ್ಣ ಮೀನು, ಗೊದಮೊಟ್ಟೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಪ್ಪ ಒಂದು ಮಾತೂ ಬಯ್ಯಲಿಲ್ಲ. ಆ ದಿನ ದನಗಳನ್ನು ನೀರಿಗೆ ಬಿಡಲಿಲ್ಲ, ಅಷ್ಟೆ.

ಅಟ್ಟದಲ್ಲಿ ಅಕ್ಕಿ, ಅಡಿಕೆ ಇಡುತ್ತಿದ್ದರೆ ಅಲ್ಯುಮಿನಿಯಂ ಕೊಳವೆಯಲ್ಲಿ ಬೂದುಬಣ್ಣದ ಗುಳಿಗೆ ಇದೆಯಾ ನೋಡಿ. ಕಾಳಿಗೆ ಹುಳು ಬರದಂತೆ ಇಡುತ್ತಿದ್ದ ಅಲ್ಯುಮಿನಿಯಂ ಫಾಸ್ಫೈಡ್ ಅದು. ಇಲಿ ಪಾಷಾಣದ ಕಪ್ಪು ಪುಡಿಯಾದ ಜಿಂಕ್ ಫಾಸ್ಫೈಡ್ ಅದರದೇ ಬಳಗ. ‘ಒಂದನ್ನು ಬಿಟ್ಟು’ ಅಂದೆನಲ್ಲ, ಇದೇ. ತೇವ ತಾಗಿದರೆ ಇವುಗಳಿಂದ ಫಾಸ್ಫೀನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳುವುದಿಲ್ಲ. ನಮ್ಮ ಮಳೆಗಾಲದ ಗಾಳಿಯ ತೇವವೇ ಸಾಕು. ನೀರಿಗೆ ಹಾಕುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಹೂಳುವುದು ಯಾವುದೂ ಕೂಡದು. ಸಿಕ್ಕರೆ ಕೊಳವೆ ತೆರೆಯದೆ, ಯಾರೂ ಮಲಗದ ಹೊರಗಿನ ಮಾಡಿನಡಿ ಒಣಗಿದ ಜಾಗದಲ್ಲಿಟ್ಟು, ಅದೇ ದಿನ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಮಳೆ ಶುರುವಾಗುವ ತನಕ ಇಟ್ಟುಕೊಳ್ಳುವ ವಸ್ತು ಅಲ್ಲ.

ಪಾದರಸಕ್ಕೆ ಬರೋಣ. ಒಂದು ಸಿಎಫ್‌ಎಲ್ ಬಲ್ಬಿನಲ್ಲಿ ಇರುವುದು ನಾಲ್ಕೈದು ಮಿಲಿಗ್ರಾಂ. ಜ್ವರ ನೋಡುವ ಹಳೇ ಥರ್ಮಾಮೀಟರಿನಲ್ಲಿ ಸುಮಾರು ಒಂದು ಗ್ರಾಂ. ನಿಮ್ಮ ಮಾವನವರ ಬಿ.ಪಿ. ಯಂತ್ರದಲ್ಲಿ ಸುಮಾರು ನೂರು ಗ್ರಾಂ ಇರಬಹುದು. ಆದ್ದರಿಂದ ಹತ್ತಾರು ಟ್ಯೂಬ್‌ಲೈಟಿಗಿಂತ ಆ ಒಂದು ಪೆಟ್ಟಿಗೆ ಭಾರಿ. ಪೆಟ್ಟಿಗೆಯನ್ನು ನಿಧಾನಕ್ಕೆ ಪಾದರಸದ ಬುರುಡೆ ಇರುವ ಕಡೆಗೆ ಓರೆ ಮಾಡಿ. ಕೊಳವೆಯ ಪಾದರಸ ಬುರುಡೆಗಿಳಿಯುತ್ತದೆ. ಅಲ್ಲೇ ಒಂದು ಸಣ್ಣ ತಿರುಪು ಇರುತ್ತದೆ, ಅದನ್ನು ಮುಚ್ಚಿ. ಆಮೇಲೆ ಪೆಟ್ಟಿಗೆಯನ್ನು ಎರಡು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಿಲ್ಲಿಸಿಡಿ. ತಾಲೂಕು ಆಸ್ಪತ್ರೆಗಳಲ್ಲೂ ಇಂಥವು ಇದ್ದವು, ಹೊರಗೆ ಕಳಿಸುವ ವ್ಯವಸ್ಥೆ ಅವರಿಗೆ ಇರುತ್ತದೆ. ಅಲ್ಲಿ ಕೇಳಿ ನೋಡಿ.

ನಮ್ಮ ತಲೆಮಾರಿನವರೆಲ್ಲ ಪಾದರಸದ ಗುಂಡನ್ನು ಅಂಗೈಯಲ್ಲಿ ಉರುಳಿಸಿ ಆಡಿದವರೇ. ನುಂಗಿದ ಪಾದರಸಕ್ಕಿಂತ ಅದರ ಆವಿ ಕೆಟ್ಟದ್ದು. ಕೋಣೆಯ ಸೆಖೆಗೇ ಅದು ಆವಿಯಾಗುತ್ತ ಇರುತ್ತದೆ, ವಾಸನೆ ಇಲ್ಲ. ಚೆಲ್ಲಿದರೆ ಪೊರಕೆ ಬೇಡ, ವ್ಯಾಕ್ಯೂಮ್ ಅಂತೂ ಬೇಡವೇ ಬೇಡ, ಎರಡೂ ಅದನ್ನು ಇನ್ನಷ್ಟು ಹರಡುತ್ತವೆ. ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿ ತೆರೆಯಿರಿ. ಕೈಯ ಬಂಗಾರ ತೆಗೆದಿಡಿ, ಪಾದರಸ ತಾಗಿದರೆ ಚಿನ್ನ ಬೆಳ್ಳಗಾಗುತ್ತದೆ. ಆಮಂತ್ರಣ ಪತ್ರದಂಥ ಗಟ್ಟಿ ಕಾಗದ ಎರಡು ತೆಗೆದುಕೊಂಡು ಗುಂಡುಗಳನ್ನು ಒಟ್ಟಿಗೆ ತಳ್ಳಿ ಬಾಟಲಿಗೆ ತುಂಬಿ. ಉಳಿದ ಚೂರಿಗೆ ಅಂಟುಪಟ್ಟಿ ಒತ್ತಿ ಎತ್ತಿ. ಟ್ಯೂಬ್‌ಲೈಟ್ ಒಡೆದರೂ ಇದೇ ಕ್ರಮ, ಮೊದಲು ಹತ್ತು ಹದಿನೈದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಶುರುಮಾಡಿ. ಒಡೆಯದವನ್ನು ಹಳೇ ಪತ್ರಿಕೆ ಸುತ್ತಿ ಕಟ್ಟು ಕಟ್ಟಿ ನೆಟ್ಟಗೆ ನಿಲ್ಲಿಸಿ. ಎಲ್‌ಇಡಿಯಲ್ಲಿ ಪಾದರಸ ಇಲ್ಲ. ಹೊಸದಾಗಿ ತರುವುದು ಹೇಗೂ ಅದೇ, ಈ ತಲೆನೋವು ನಮ್ಮ ಕಾಲಕ್ಕೇ ಮುಗಿಯುತ್ತದೆ.

ಸೂಜಿಗಳನ್ನು ಕೈಯಿಂದ ಎಣಿಸಲು ಹೋಗಬೇಡಿ, ಅವಕ್ಕೆ ಮುಚ್ಚಳ ಹಾಕಲೂ ಹೋಗಬೇಡಿ. ಫಿನಾಯಿಲ್ ಬಂದಿರುತ್ತದಲ್ಲ, ಆ ಥರದ ದಪ್ಪ ಬಾಟಲಿಗೆ ಇಕ್ಕಳದಿಂದ ತುಂಬಿ, ಮುಕ್ಕಾಲಾದಾಗ ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡಿ. ಹಾಲಿನ ಪ್ಯಾಕೆಟ್ಟಿನೊಳಗೆ ಸುತ್ತಿ ಕಸಕ್ಕೆ ಹಾಕಿದ ಸೂಜಿ ಚುಚ್ಚುವುದು ಕಸ ಆರಿಸುವ ಹೆಂಗಸಿನ ಬೆರಳಿಗೆ. ಹೆಪಟೈಟಿಸ್ ಬಿ, ಎಚ್‌ಐವಿ ಅಂಟುವ ದಾರಿ ಅದು. ನಿಮ್ಮ ಪಂಚಾಯ್ತಿಯ ಸ್ವಚ್ಛ ವಾಹಿನಿಯವರು ಇಂಥದ್ದನ್ನು ಮುಟ್ಟುವುದಿಲ್ಲ ಅಂದದ್ದು ಸರಿಯಾಗಿಯೇ ಇದೆ, ಅವರ ಮೇಲೆ ಬೇಸರ ಬೇಡ.

ಮಾತ್ರೆಗಳನ್ನು ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ತೆಗೆದುಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಸ್ಟ್ರಿಪ್ಪಿನಿಂದ ಬಿಡಿಸಿ, ಚಹಾ ಚರಟ, ಮಣ್ಣಿನ ಜೊತೆ ಕಲಸಿ, ಗಟ್ಟಿ ಚೀಲದಲ್ಲಿ ಕಟ್ಟಿ ಊರಾಚೆ ಹೋಗುವ ಕಸಕ್ಕೆ ಕೊಡಿ. ಗೊಬ್ಬರ ಗುಂಡಿಗೆ ಬೇಡ, ಬಚ್ಚಲಿಗೂ ಬೇಡ. ಇದಕ್ಕೊಂದು ಅಪವಾದ ಇದೆ. ಕ್ಯಾನ್ಸರ್ ನೋವಿಗೆ ಕೊಡುವ ಫೆಂಟನಿಲ್ ಪಟ್ಟಿಯಂಥ ಕೆಲವು ಔಷಧ ಮನೆಯಲ್ಲಿ ಉಳಿಯುವುದೇ ಅಪಾಯ. ಮಗುವೊಂದು ಮುಟ್ಟಿದರೂ ಪ್ರಾಣಕ್ಕೆ ಕುತ್ತು. ಅಂಥ 17 ಔಷಧಗಳನ್ನು ಶೌಚಾಲಯಕ್ಕೆ ಹಾಕಿ ನೀರು ಬಿಡಿ ಅಂತ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯೇ 2025ರಲ್ಲಿ ಹೇಳಿದೆ. ಅತ್ತೆಯವರ ಶುಗರ್, ಬಿ.ಪಿ. ಮಾತ್ರೆ ಆ ಸಾಲಿಗೆ ಬರುವುದಿಲ್ಲ.

ಇನ್ವರ್ಟರ್ ಬ್ಯಾಟರಿ ನಿಮ್ಮ ಪಟ್ಟಿಯಲ್ಲಿ ಸುಲಭದ್ದು. ಅದಕ್ಕೆ ದುಡ್ಡು ಬರುತ್ತದೆ. 2022ರ ಬ್ಯಾಟರಿ ನಿಯಮದಲ್ಲಿ ಹಳೇ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೇದನ್ನು ಕೊಟ್ಟು ಬೆಲೆ ಇಳಿಸಿಕೊಳ್ಳಿ. ಆಸಿಡ್ ಚೆಲ್ಲಿ ಉಳಿದದ್ದನ್ನು ತೂಕಕ್ಕೆ ಮಾರುವ ಗುಜರಿಗೆ ಬೇಡ. ಕರಾವಳಿಯ ಓದುಗರಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಲೆಗೆ ಕಟ್ಟುವ ಸೀಸದ ಗುಂಡಿಗಾಗಿ ಹಳೇ ಬ್ಯಾಟರಿ ಒಡೆದು ಅಂಗಳದಲ್ಲಿ ಕರಗಿಸಬೇಡಿ. ಸೆನೆಗಲ್ ದೇಶದ ಡಕಾರ್ ಪಕ್ಕದ ಒಂದು ಬಡಾವಣೆಯಲ್ಲಿ ಬ್ಯಾಟರಿಯ ಸೀಸ ಬೇರೆ ಮಾಡುತ್ತಿದ್ದ ಜಾಗದಲ್ಲಿ 2007–08ರ ಕೆಲವೇ ತಿಂಗಳಲ್ಲಿ 18 ಮಕ್ಕಳು ಸತ್ತರು. ಸೀಸ ದೂಳಾಗಿ ಮಣ್ಣಿಗೆ ಬೀಳುತ್ತದೆ, ಮಗು ಮಣ್ಣಿನ ಕೈ ಬಾಯಿಗೆ ಹಾಕುತ್ತದೆ. ಅಷ್ಟೇ ಅದರ ದಾರಿ.

ಆಟಿಕೆ, ರಿಮೋಟಿನ ಗುಂಡಿಯಂಥ ಚಪ್ಪಟೆ ಸೆಲ್ಲನ್ನು ಬೇರೆಯೇ ಹೇಳಬೇಕು. ಮಗು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಲು ಶುರು. ವಾಂತಿ ಮಾಡಿಸಬೇಡಿ, ಕೂಡಲೇ ಹೊರಡಿ. ವರ್ಷ ದಾಟಿದ ಮಗುವಾಗಿದ್ದು ನುಂಗಲು ಆಗುತ್ತಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನು ಕೊಡಬಹುದು, ಆರು ಸಲ ಸಾಕು. ಜೇನು ಹುಡುಕುತ್ತ ತಡ ಮಾಡಬಾರದು. ಯಾವುದೇ ವಿಷದ ವಿಷಯಕ್ಕೆ ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಗೋಡೆಗೆ ಬರೆದಿಡಿ. ಆಂಬುಲೆನ್ಸಿಗೆ 108.

ಬಣ್ಣದ ಡಬ್ಬಗಳಲ್ಲಿ ನೀರಿನ ಬಣ್ಣ ಇದ್ದರೆ ಮರಳು ಬೆರೆಸಿ ಒಣಗಲು ಬಿಡಿ. ಎಣ್ಣೆ ಬಣ್ಣ, ಟರ್ಪೆಂಟೈನ್ ಬೆಂಕಿಯಿಂದ ದೂರ. ಅದಕ್ಕಿಂತ ನನ್ನ ಗಮನ ಬಾಗಿಲು, ಕಿಟಕಿಗಳ ಮೇಲೆ. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಬಣ್ಣ ಉಜ್ಜುವಾಗ ಒಣ ಮರಳುಕಾಗದ ಬೇಡ, ಒದ್ದೆ ಮಾಡಿ ಉಜ್ಜಿಸಿ. ಹಾಗೇ, ನೆಂಟರು ಬರುತ್ತಾರೆ ಅಂತ ಬಚ್ಚಲು ತೊಳೆಯುವಾಗ ಬಾವಿಗೆ ತಂದಿಟ್ಟ ಬ್ಲೀಚಿಂಗ್ ಪೌಡರ್ ಮತ್ತು ಶೌಚಾಲಯದ ಆಸಿಡ್ ಒಟ್ಟಿಗೆ ಸುರಿಯಬೇಡಿ. ಕ್ಲೋರಿನ್ ಅನಿಲ ಏಳುತ್ತದೆ.

ಎಲ್ಲ ಸರಿ, ಕೊಡುವುದು ಯಾರಿಗೆ? ಕಾನೂನು ಬಹಳ ದಿನದಿಂದ ನಿಮ್ಮ ಪರವಾಗಿಯೇ ಇದೆ. 2016ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸವನ್ನು ಬೇರೆಯೇ ಮೂರನೇ ಬಗೆ ಅಂತ ಗುರುತಿಸಿ, 20 ಚದರ ಕಿಲೋಮೀಟರಿಗೆ ಒಂದರಂತೆ ಸಂಗ್ರಹ ಕೇಂದ್ರ ಮಾಡಬೇಕು ಎಂದವು. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ನಿಯಮದಲ್ಲಿ ಹಸಿ, ಒಣ, ನೈರ್ಮಲ್ಯದ ಕಸದ ಜೊತೆ ‘ವಿಶೇಷ ಕಾಳಜಿಯ ಕಸ’ ಅಂತ ನಾಲ್ಕನೇ ಬಗೆ ಮಾಡಿದ್ದಾರೆ. ಕಾಗದದ ಮೇಲಿನ ಕೇಂದ್ರ ಘಟ್ಟ ಹತ್ತಿ ತಾನಾಗಿ ಬರುವುದಿಲ್ಲ. ಹತ್ತು ಮನೆಯವರು ಸೇರಿ ಪಿಡಿಒಗೆ ಲಿಖಿತ ಅರ್ಜಿ ಕೊಡಿ. ಏನೇನು, ಎಷ್ಟೆಷ್ಟು ಇದೆ ಅಂತ ಪಟ್ಟಿ ಹಾಕಿ, ಫೋಟೋ ಅಂಟಿಸಿ, ವರ್ಷಕ್ಕೆರಡು ದಿನ ಇಂಥ ಕಸ ಸಂಗ್ರಹಿಸಿ ಅಂತ ಕೇಳಿ. ನಿಮ್ಮೊಬ್ಬರ ಅಟ್ಟದಲ್ಲಿ ಮಾತ್ರ ಇವು ಇರಲಿಕ್ಕಿಲ್ಲ. ನಿಷೇಧಿತ ಕೀಟನಾಶಕದ ವಿಷಯವಾಗಿ ಅರ್ಜಿಯ ಪ್ರತಿಯನ್ನು ಕೃಷಿ ಇಲಾಖೆಗೂ ಕಾರವಾರದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಕಳಿಸಿ. ಇವು ಕಡೆಗೆ ಹೋಗಬೇಕಾದ್ದು ದಾಬಸ್‌ಪೇಟೆಯಲ್ಲಿರುವಂಥ ಅನುಮತಿ ಪಡೆದ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ. ಒಬ್ಬರೇ ಬಕೆಟ್ ಹೊತ್ತು ಅಲ್ಲಿಗೆ ಹೋಗಲು ಆಗುವುದಿಲ್ಲ, ಊರಿನ ಲೋಡು ಒಟ್ಟಾದರೆ ಸರ್ಕಾರದ ಕಡೆಯಿಂದ ಕಳಿಸಬಹುದು. ಅಲ್ಲಿಯವರೆಗೆ ಬೀಗ ಹಾಕಿದ ಪಡಿಮಾಡೇ ಸರಿ.

ಕೊನೆಗೆ ಮೈಲುತುತ್ತ. ಎಸೆಯಬೇಡಿ! ಅದು ಕೆಡುವ ವಸ್ತು ಅಲ್ಲ. ಗಟ್ಟಿಯಾಗಿದ್ದರೆ ಕುಟ್ಟಿ ಪುಡಿ ಮಾಡಿದರಾಯಿತು. ಮೇಲ್ಮೈ ಬೆಳ್ಳಗಾಗಿದ್ದರೆ ನೀರಿನಂಶ ಹೋಗಿದೆ ಅಂತ ಅರ್ಥ, ನೀರು ತಾಗಿದರೆ ಮತ್ತೆ ನೀಲಿ ಆಗುತ್ತದೆ. ಈ ಮಳೆಗಾಲದಲ್ಲಿ ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಔಷಧಿಗೆ (ಬೋರ್ಡೋ ದ್ರಾವಣ) ಅದನ್ನೇ ಬಳಸಿ. 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ಇದು ನಿಮಗೂ ಗೊತ್ತಿರುವ ಲೆಕ್ಕವೇ. ಸುಣ್ಣ ಮಾತ್ರ ಹೊಸದು ತನ್ನಿ, ಹಳೇ ಸುಣ್ಣ ಸತ್ತಿರುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿ. ಪಾಕ ಆದ ಮೇಲೆ ಉಜ್ಜಿದ ಕತ್ತಿಯ ತುದಿಯನ್ನು ಒಂದೆರಡು ನಿಮಿಷ ಅದ್ದಿ ನೋಡಿ. ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ ಮತ್ತೆ ಅದ್ದಿ. ಬಣ್ಣ ಕೂರದಿದ್ದ ಮೇಲೆ ಕೊನೆಗೌಡನಿಗೆ ಮರ ಹತ್ತಲು ಹೇಳಬಹುದು.